ಗರ್ಭಕೋಶ ತೆಗೆಸಿದ ಮೇಲೆ ಕಾಣಿಸಿಕೊಳ್ಳುವ ಗಡ್ಡೆ: ನನ್ನ ಅನುಭವ

ಗರ್ಭಕೋಶ ತೆಗೆಸಿಕೊಂಡ ಮಹಿಳೆಯ ಕಿಬ್ಬೊಟ್ಟೆಯಲ್ಲಿ ಗಡ್ಡೆಯಿದೆ ಎಂಬ ಸ್ಕ್ಯಾನಿಂಗ್ ವರದಿ ಬಂದಾಗ, ನಾನು ಮೊದಲು ಕೇಳುವುದು ಹಳೆಯ ಡಿಸ್ಚಾರ್ಜ್ ಕಾರ್ಡನ್ನು ಮತ್ತು ಬಯಾಪ್ಸಿ ವರದಿಯನ್ನು. ಅಂಡಾಶಯಗಳನ್ನು ಉಳಿಸಿದ್ದಾರೆಯೇ, ಗರ್ಭಕೋಶದ ಕೊರಳನ್ನು ಬಿಟ್ಟಿದ್ದಾರೆಯೇ, ಶಸ್ತ್ರಚಿಕಿತ್ಸೆಗೆ ಕಾರಣ ಫೈಬ್ರಾಯ್ಡೋ (ಗರ್ಭಕೋಶದ ಕ್ಯಾನ್ಸರಲ್ಲದ ಗಡ್ಡೆ), ಎಂಡೊಮೆಟ್ರಿಯೋಸಿಸ್ಸೋ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ), ಕ್ಯಾನ್ಸರೋ ಎಂಬುದು ತಿಳಿಯುವವರೆಗೆ ನಾನು ಆ ಗಡ್ಡೆ ಇಂಥದ್ದೇ ಎಂದು ಹೇಳುವುದಿಲ್ಲ. “ಎಲ್ಲ ತೆಗೆದಿದ್ದಾರೆ ಮೇಡಂ” ಎನ್ನುವವರಲ್ಲಿ ಅನೇಕರಿಗೆ ಅಂಡಾಶಯ ಒಳಗೇ ಇರುವುದು ಗೊತ್ತಿರುವುದಿಲ್ಲ. ಕಾಗದ ಕಳೆದುಹೋಗಿದ್ದರೆ ರಕ್ತದಲ್ಲಿ ಎಫ್‌ಎಸ್‌ಎಚ್ ನೋಡುತ್ತೇನೆ; ಅಂಡಾಶಯದ ಕೆಲಸ ನಿಂತಾಗ ಏರುವ ಹಾರ್ಮೋನು ಇದು. ಎರಡೂ ಅಂಡಾಶಯ ತೆಗೆದಿದ್ದಾರೆನ್ನುವ, ಹಾರ್ಮೋನು ಮಾತ್ರೆ ನುಂಗದ ಮಹಿಳೆಯಲ್ಲಿ ಅದು ಏರದೆ ಉಳಿದಿದ್ದರೆ, ಅಂಡಾಶಯದ ತುಣುಕಾದರೂ ಒಳಗೆ ಜೀವಂತವಾಗಿದೆ ಎಂದು ಅನುಮಾನಿಸಬೇಕು.

ತುಂಬಿದ ಮೂತ್ರಕೋಶವೂ ಮಲ ಕಟ್ಟಿದ ಕರುಳೂ ಕೈಗೆ ಗಡ್ಡೆಯಂತೆಯೇ ಸಿಗುತ್ತವೆ, ಆದ್ದರಿಂದ ಪರೀಕ್ಷೆಗೆ ಮುನ್ನ ಶೌಚಕ್ಕೆ ಕಳುಹಿಸುತ್ತೇನೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ನೀರು ತುಂಬಿದ ಗಡ್ಡೆಗಳು. ಹಳೆಯ ಶಸ್ತ್ರಚಿಕಿತ್ಸೆಯಿಂದ ಪೊರೆಗಳು ಒಂದಕ್ಕೊಂದು ಅಂಟಿಕೊಂಡಾಗ, ಅಂಡಾಶಯ ಸುರಿಸುವ ದ್ರವ ಇಂಗಲು ದಾರಿಯಿಲ್ಲದೆ ಅವುಗಳ ನಡುವೆ ನಿಲ್ಲುತ್ತದೆ. ಅದಕ್ಕೆ ಸ್ವಂತ ಗೋಡೆಯಿಲ್ಲ; ಜಾಗವಿದ್ದ ಆಕಾರವನ್ನೇ ತಳೆಯುತ್ತದೆ, ಸ್ಕ್ಯಾನಿನಲ್ಲಿ ಅಂಡಾಶಯವು ಬಲೆಯ ನಡುವೆ ಕುಳಿತ ಜೇಡದಂತೆ ಕಾಣುತ್ತದೆ. ಇದನ್ನು ಅಂಡಾಶಯದ ಕ್ಯಾನ್ಸರೆಂದು ಭಾವಿಸಿ ಹೊಟ್ಟೆ ತೆರೆದರೆ ಹೊಸ ಅಂಟುಗಳು ಹುಟ್ಟಿ, ನೀರು ಮತ್ತೆ ತುಂಬಿಕೊಳ್ಳಬಹುದು. ನೋವಿಲ್ಲದವರಿಗೆ ನಾನು ಕಾಯಲು ಹೇಳುತ್ತೇನೆ; ಶಸ್ತ್ರಚಿಕಿತ್ಸೆ ಬೇಡವೆಂದು ಮನೆಯವರನ್ನು ಒಪ್ಪಿಸುವುದು, ಬೇಕೆಂದು ಒಪ್ಪಿಸುವುದಕ್ಕಿಂತ ಕಷ್ಟ.

ಕ್ಯಾನ್ಸರಿನ ಅಪಾಯವನ್ನು ಅಳೆಯಲು ಬಳಸುವ, 1990ರಲ್ಲಿ ಪ್ರಕಟವಾದ ಆರ್‌ಎಂಐ ಸೂಚ್ಯಂಕದಲ್ಲಿ ಮುಟ್ಟು ನಿಂತವರ ಅಂಕವನ್ನು 3ರಿಂದ ಗುಣಿಸಲಾಗುತ್ತದೆ. ಗರ್ಭಕೋಶವಿಲ್ಲದವರಿಗೆ ಹೇಗೂ ಮುಟ್ಟಾಗದು; ಮುಟ್ಟು ನಿಲ್ಲುವ ಹಂತ ದಾಟಿದ್ದಾರೋ ಇಲ್ಲವೋ ತಿಳಿಯದ ಕಾರಣ ವಯಸ್ಸು 50 ದಾಟಿದ್ದರೆ ದಾಟಿದ್ದಾರೆಂದೇ ಎಣಿಸುತ್ತಾರೆ. ಹೀಗಾಗಿ ಅದೇ ಗಡ್ಡೆ, ರಕ್ತಪರೀಕ್ಷೆಯಲ್ಲಿ ಅದೇ ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ಏರಬಹುದಾದ ಪ್ರೋಟೀನು) ಇದ್ದರೂ 49ರ ಮಹಿಳೆಗಿಂತ 51ರ ಮಹಿಳೆಯ ಅಂಕ ಮೂರು ಪಟ್ಟಾಗುತ್ತದೆ. ಆ ವಯಸ್ಸಿನ ಆಸುಪಾಸಿನಲ್ಲಿ ನಾನು ಅಂಕಕ್ಕಿಂತ ಗಡ್ಡೆಯೊಳಗಿನ ಗಟ್ಟಿ ಭಾಗ, ಅದರ ರಕ್ತಸಂಚಾರ ಮತ್ತು ಹೊಟ್ಟೆಯಲ್ಲಿ ತುಂಬಿಕೊಂಡ ನೀರಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಇವು ಕಂಡರೆ ಸೂಜಿ ಹಾಕಿ ನೀರು ತೆಗೆಯದೆ, ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರಕ್ಕೆ ಕಳುಹಿಸುತ್ತೇನೆ.

ಗಡ್ಡೆ ಪೂರ್ತಿ ಗಟ್ಟಿಯಾಗಿದ್ದು, ಹಿಂದೆ ಲ್ಯಾಪ್ರೊಸ್ಕೋಪಿಯಲ್ಲಿ ಫೈಬ್ರಾಯ್ಡನ್ನು ಚೂರು ಮಾಡಿ ತೆಗೆದಿದ್ದರೆ, ಉಳಿದ ಚೂರೊಂದು ಹೊಟ್ಟೆಯೊಳಗೆ ಬೇರುಬಿಟ್ಟು ಬೆಳೆದಿರಬಹುದು. ಅದು ಮೊದಲೇ ಸಾರ್ಕೋಮಾ (ಸ್ನಾಯುವಿನಂಥ ಅಂಗಾಂಶದ ಕ್ಯಾನ್ಸರ್) ಆಗಿತ್ತೇ ಎಂದು ತಿಳಿಯಲು, ಹೊಸ ಶಸ್ತ್ರಚಿಕಿತ್ಸೆಯ ದಿನ ಗೊತ್ತುಪಡಿಸುವ ಮುನ್ನ ಹಳೆಯ ಸ್ಲೈಡುಗಳನ್ನು ತರಿಸಿ ಪೆಥಾಲಜಿಸ್ಟರಿಂದ ಮತ್ತೊಮ್ಮೆ ಓದಿಸುತ್ತೇನೆ.