ಪೈಪ್ ತುಂಡಲ್ಲಿ ಬೈಕಿಗೆ ಟೂಲ್ ಡಬ್ಬ ಮಾಡ್ಕೊಂಡಿದ್ದು

ಸೀಟಿನ ಕೆಳಗೆ ಕಂಪನಿಯವರು ಕೊಟ್ಟ ನಾಲ್ಕು ಸ್ಪ್ಯಾನರ್ ಬಿಟ್ರೆ ಬೇರೇನೂ ಹಿಡಿಯಲ್ಲ. ಪಂಕ್ಚರ್ ಕಿಟ್ಟು, ಟೈರ್ ಲಿವರ್, ಸ್ಪೇರ್ ಟ್ಯೂಬು ಎಲ್ಲಾ ಬೆನ್ನಿನ ಬ್ಯಾಗಲ್ಲೇ ಹೊರ್ತಿದ್ದೆ, ಆದ್ರೆ ಬಿದ್ರೆ ಆ ಕಬ್ಬಿಣ ನೇರ ಬೆನ್ನುಮೂಳೆಗೇ ತಾಗತ್ತೆ ಅನ್ನೋದು ತಲೇಲಿ ಕೂತ್ಮೇಲೆ ಏನಾದ್ರೂ ಮಾಡ್ಲೇಬೇಕು ಅನ್ಸ್ತು.

ಹಾರ್ಡ್‌ವೇರ್ ಅಂಗಡೀಲಿ ನೀರು ಹೋಗೋಕೆ ಹಾಕೋ 110 ಎಂಎಂ ಪಿವಿಸಿ ಪೈಪ್ ಸಿಗತ್ತಲ್ಲ, ಅದ್ರಲ್ಲಿ 30 ಸೆಂಟಿಮೀಟರ್ ತುಂಡು, ಒಂದು ಎಂಡ್ ಕ್ಯಾಪ್, ಇನ್ನೊಂದು ತುದಿಗೆ ತಿರುಪಿ ತೆಗೆಯೋ ಮುಚ್ಚಳ ಇರೋ ಫಿಟ್ಟಿಂಗು, ಅದೇ ಲೈನ್ ಕಟ್ಕೊಂಡ್ರೆ ಬಿಚ್ಚಿ ಕ್ಲೀನ್ ಮಾಡೋಕೆ ಹಾಕ್ತಾರಲ್ಲ ಅದು. ಹ್ಯಾಕ್ಸಾದಲ್ಲಿ ಕೊಯ್ದು, ಅಂಟಿಸೋ ಕಡೆ ಎರಡೂ ಮೈಯನ್ನ ಎಮ್ರಿ ಪೇಪರ್ರಲ್ಲಿ ಉಜ್ಜಿ, ಸಾಲ್ವೆಂಟ್ ಸಿಮೆಂಟ್ ಹಚ್ಚಿ ಒತ್ತುವಾಗ್ಲೇ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಬಿಗಿಯಾಗಿ ಹಿಡ್ಕೊಂಡೆ. ಇದು ಬರೀ ಗೋಂದಲ್ಲ, ಪಿವಿಸಿ ಮೈಯನ್ನೇ ಕರಗಿಸಿ ಎರಡನ್ನೂ ಒಂದು ಮಾಡತ್ತೆ, ಅದಕ್ಕೇ ರಾತ್ರಿಯಿಡೀ ಮುಟ್ಟದೆ ಬಿಡ್ಬೇಕು, ಮತ್ತೆ ಅದರ ಘಾಟು ತಲೆಗೆ ಹತ್ತೋದ್ರಿಂದ ಕಿಟಕಿ ತೆಗೆದಿಟ್ಟೇ ಕೆಲ್ಸ ಮಾಡಿ. ತಳದಲ್ಲಿ 4 ಎಂಎಂ ತೂತು ಒಂದು, ಒಳಗೆ ನೀರು ನಿಂತ್ರೆ ಸ್ಪ್ಯಾನರ್ ತುಕ್ಕು ಹಿಡಿಯತ್ತೆ. ಬಿಸಿಲಿಗೆ ಪಿವಿಸಿ ವರ್ಷ ಕಳೆದಂತೆ ಪೆಡಸಾಗತ್ತೆ, ಹಾಗಾಗಿ ಕಪ್ಪು ಪೇಂಟ್ ಹೊಡ್ದೆ.

ಡಬ್ಬ ಮಾಡೋದು ಸುಲಭ. ನಿಜವಾದ ಕೆಲ್ಸ ಅಂದ್ರೆ ಅದನ್ನ ಬೈಕಲ್ಲಿ ಉಳಿಸೋದು.

ಮೊದಲ್ನೇ ಸಲ ಎರಡು ಹೋಸ್ ಕ್ಲಿಪ್, ಅಂದ್ರೆ ತಿರುಪಿ ಬಿಗಿಯೋ ತಗಡಿನ ಪಟ್ಟಿ, ಹಾಕಿ ಹಿಂದಿನ ಗಾರ್ಡಿಗೆ ನೇರ ಬಿಗಿದೆ, ಕೈಯಲ್ಲಿ ಅಲ್ಲಾಡಿಸಿ ನೋಡ್ದೆ, ಕಲ್ಲಿನ ಥರ ಇತ್ತು. ಇನ್ನೂರು ಕಿಲೋಮೀಟರ್ ಆಗಿರ್ಬೇಕು, ಹಿಂದಿಂದ ಟಕಟಕ ಅಂತ ಶಬ್ದ, ನಿಲ್ಸಿ ನೋಡಿದ್ರೆ ಒಂದು ಕ್ಲಿಪ್ಪೇ ಇಲ್ಲ, ಡಬ್ಬ ಇನ್ನೊಂದರಲ್ಲಿ ನೇತಾಡ್ತಾ ಹಿಂದಿನ ಚಕ್ರಕ್ಕೆ ಎರಡು ಬೆರಳು ದೂರದಲ್ಲಿದೆ. ಆ ಕ್ಷಣ ಮೈ ತಣ್ಣಗಾಯ್ತು.

ಅಲ್ಲಿಂದ ಬಂದ್ಮೇಲೆ ಬೋಲ್ಟು ಯಾಕೆ ಸಡಿಲ ಆಗತ್ತೆ ಅಂತ ಓದೋಕೆ ಕೂತೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನ್ ಎಂಜಿನಿಯರ್ ತೋರಿಸಿದ್ದು, ಬೋಲ್ಟಿನ ಉದ್ದಕ್ಕೆ ಬರೋ ಅದುರಾಟಕ್ಕಿಂತ ಅಡ್ಡಕ್ಕೆ ಜಾರಾಡೋದೇ ಅದನ್ನ ಹೆಚ್ಚು ಬೇಗ ಬಿಚ್ಚತ್ತೆ ಅಂತ. ನನ್ನ ಡಬ್ಬಾನೂ ನುಣುಪು ಪೈಪಿನ ಮೇಲೆ ನುಣುಪು ಕ್ಲಿಪ್ಪಲ್ಲಿ ಜಾರಾಡ್ತಾನೇ ಇತ್ತು. ಈಗ ಹೋಸ್ ಕ್ಲಿಪ್ ಬಿಟ್ಟು ಯು-ಬೋಲ್ಟ್ ಹಾಕಿದೀನಿ, ಕೆಳಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದೀನಿ, ಅಗಲ ವಾಶರ್, ಮೇಲೆ ನೈಲಾಕ್ ನಟ್ಟು, ಅಂದ್ರೆ ಸಡಿಲ ಆಗದಿರ್ಲಿ ಅಂತ ಒಳಗೆ ನೈಲಾನ್ ಉಂಗುರ ಇರೋ ನಟ್ಟು. ನೈಲಾನ್ ಉಂಗುರ ದಾಟಿ ಎರಡು ಸುತ್ತು ಥ್ರೆಡ್ ಆಚೆ ಕಾಣ್ಬೇಕು, ಇಲ್ದಿದ್ರೆ ಅದು ಹಿಡಿದೇ ಇಲ್ಲ ಅಂತ ಅರ್ಥ. ರಬ್ಬರ್ ಸ್ವಲ್ಪ ದಿನಕ್ಕೆ ಕೂತ್ಕೊಳ್ಳತ್ತೆ, ಅದಕ್ಕೆ 50 ಕಿಲೋಮೀಟರ್ ಆದ್ಮೇಲೆ ಇನ್ನೊಂದ್ಸಲ ಟೈಟ್ ಮಾಡಿದೆ. ಕೊನೆಗೆ ನಟ್ಟಿಂದ ಬೋಲ್ಟಿನ ಮೇಲೆ ಹಾದು ಹೋಗೋ ಹಾಗೆ ಕೆಂಪು ನೇಲ್ ಪಾಲಿಷಲ್ಲಿ ಒಂದು ಗೆರೆ. ಗೆರೆ ಮುರಿದಿದ್ರೆ ನಟ್ಟು ತಿರುಗಿದೆ, ಸ್ಪ್ಯಾನರ್ ಹಾಕಿ ನೋಡೋದೇ ಬೇಡ. ಜೊತೆಗೆ ಎರಡೂ ಯು-ಬೋಲ್ಟ್ ಹೋದ್ರೂ ಚಕ್ರಕ್ಕೆ ಸಿಗದ ಹಾಗೆ ಒಂದು ಸಣ್ಣ ಸ್ಟೀಲ್ ವೈರ್ ಕಟ್ಟಿದೀನಿ.

ಜಾಗ ಆರಿಸುವಾಗ ಸೈಲೆನ್ಸರ್ ಇಲ್ಲದ ಬದಿಗೇ ಹಾಕಿ, 80 ಡಿಗ್ರಿ ಹತ್ರ ಪಿವಿಸಿ ಮೆತ್ತಗಾಗತ್ತೆ. ಹಿಂದೆ ಭಾರದೋರನ್ನ ಕೂರಿಸಿ ಸಸ್ಪೆನ್ಷನ್ ಪೂರ್ತಿ ಒತ್ತಿ ನೋಡಿ, ಚಕ್ರ ಮೇಲೆ ಬಂದಾಗ ಏನಾದ್ರೂ ತಾಗತ್ತಾ ಅಂತ. ಸ್ಪ್ಯಾನರ್‌ಗಳನ್ನ ಹಳೇ ಬಟ್ಟೇಲಿ ಸುತ್ತಿಟ್ರೆ ಗಲಗಲ ಅನ್ನಲ್ಲ.

ಇದಾದ್ಮೇಲೆ ಮೆತ್ತನೆ ಮಣ್ಣಲ್ಲಿ ಸೈಡ್ ಸ್ಟ್ಯಾಂಡ್ ಹೂತು ಹೋಗದಿರೋಕೆ ಅಂಗೈ ಅಗಲದ ದಪ್ಪ ಪ್ಲೈವುಡ್ಡಿಗೆ ಹಗ್ಗ ಕಟ್ಟಿಟ್ಕೊಂಡೆ, ಬೈಕ್ ಮೇಲೆ ಕೂತೇ ಕೆಳಗೆ ಬಿಟ್ಟು, ಸ್ಟ್ಯಾಂಡ್ ಎತ್ತಿದ್ಮೇಲೆ ಹಗ್ಗ ಎಳ್ಕೊಂಡ್ರೆ ಆಯ್ತು, ಬಗ್ಗೋ ಕೆಲ್ಸವೇ ಇಲ್ಲ. ಅದು ಚೆನ್ನಾಗೇ ನಡೀತಿದೆ.

ಆದ್ರೆ ಇನ್ನೊಂದು ಮಾಡ್ದೆ, ಅದು ತಪ್ಪು. ದೂರ ಓಡಿಸುವಾಗ ಮಣಿಕಟ್ಟು ನೋಯತ್ತೆ ಅಂತ ಥ್ರಾಟಲ್ ಮೇಲೆ ಅಂಗೈ ಊರೋಕೆ ಪೈಪಿನ ಸೀಳು ಕ್ಲಿಪ್ ಥರ ಕೂರಿಸಿದ್ದೆ. ಎದುರಿಗೆ ನಾಯಿ ಬಂತು, ಬ್ರೇಕಿಗೆ ಬೆರಳು ಚಾಚಿದಾಗ ಅಂಗೈ ಆ ತುಂಡನ್ನ ಒತ್ತಿ ಬೈಕ್ ನಿಲ್ಲೋ ಬದ್ಲು ಮುಂದಕ್ಕೆ ಎಳೀತು. ನಾಯಿ ತಪ್ಪಿಸ್ಕೊಂಡು ಹೋಯ್ತು, ನಾನು ಅಲ್ಲೇ ಪಕ್ಕಕ್ಕೆ ನಿಲ್ಸಿ ಕಿತ್ತು ಹಾಕ್ದೆ. ಥ್ರಾಟಲ್, ಬ್ರೇಕ್, ಹ್ಯಾಂಡಲ್, ಫುಟ್‌ರೆಸ್ಟ್, ಇವುಗಳ ಹತ್ರ ನನ್ನ ಕೈಯಾರೆ ಮಾಡಿದ ಯಾವ್ದೂ ಈಗ ಇಲ್ಲ. ಡಬ್ಬದ ಕೆಂಪು ಗೆರೆ ಮಾತ್ರ ಬೈಕ್ ಹತ್ತೋಕೆ ಮುಂಚೆ ಪ್ರತಿ ಸಲ ಬಗ್ಗಿ ನೋಡ್ತೀನಿ.