ಮಾಯಾಮಾಳವಗೌಳಕ್ಕೆ ಶ್ರುತಿ ಮಾಡಿದ ಆರ್ಡುಯಿನೊ ಪಿಯಾನೊ

ಆರ್ಡುಯಿನೊ ಉನೊ ಎಂಬ ಪ್ರೋಗ್ರಾಮ್ ಮಾಡಬಲ್ಲ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್, ಎಂಟು ಪುಶ್‌ಬಟನ್, ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಜಂಪರ್ ವೈರ್‌ಗಳು ಮತ್ತು ಒಂದು ಪೀಜೊ ಬಜರ್ ಇದ್ದರೆ ಎಂಟು ಸ್ವರಗಳ ಪುಟ್ಟ ಪಿಯಾನೊ ಕಟ್ಟಬಹುದು. ಪ್ರತಿ ಸ್ವರದ ಕಂಪನಾಂಕವನ್ನು ನಾವೇ ನಿರ್ಧರಿಸಬಹುದಾದ್ದರಿಂದ, ಕರ್ನಾಟಕ ಸಂಗೀತ ಕಲಿಯುವವರಿಗೆ ಇದು ನಿಜವಾಗಿ ಉಪಯುಕ್ತವಾದ ವಾದ್ಯ.

ಬಜರ್ ಕೊಳ್ಳುವಾಗ ಪ್ಯಾಸಿವ್ ಬಜರನ್ನೇ ಕೇಳಿ ಪಡೆಯಬೇಕು. ಆಕ್ಟಿವ್ ಬಜರಿನೊಳಗೆ ಕಂಪನ ಹುಟ್ಟಿಸುವ ಅದರದೇ ಆಸಿಲೇಟರ್ ಇರುವುದರಿಂದ ಅದು ಯಾವಾಗಲೂ ಒಂದೇ ಸ್ವರದಲ್ಲಿ ಕೂಗುತ್ತದೆ. 100 ಓಮ್ ರೆಸಿಸ್ಟರಿನ ಮೂಲಕ 5 ವೋಲ್ಟ್‌ಗೆ ಕ್ಷಣಕಾಲ ತಾಗಿಸಿದರೆ ವ್ಯತ್ಯಾಸ ತಿಳಿಯುತ್ತದೆ: ಆಕ್ಟಿವ್ ಆದರೆ ‘ಕೀ’ ಎನ್ನುತ್ತಲೇ ಇರುತ್ತದೆ, ಪ್ಯಾಸಿವ್ ಆದರೆ ‘ಟಿಕ್’ ಎಂದು ಸುಮ್ಮನಾಗುತ್ತದೆ. ಬಜರಿನ ಬದಲು 8 ಓಮ್ ಸ್ಪೀಕರ್ ಬಳಸುವವರು ಸರಣಿಯಲ್ಲಿ 220 ಓಮ್ ರೆಸಿಸ್ಟರನ್ನು ಹಾಕಲೇಬೇಕು. ಇಲ್ಲವಾದರೆ ಪಿನ್ನಿನ 40 ಮಿಲಿಆಂಪಿಯರ್ ಮಿತಿಯನ್ನು ಮೀರಿ ವಿದ್ಯುತ್ ಹರಿದು ಚಿಪ್ ಸುಟ್ಟುಹೋಗಬಹುದು.

ಬಟನ್‌ಗಳನ್ನು ಬ್ರೆಡ್‌ಬೋರ್ಡಿನ ನಡುಗಾಲುವೆಯ ಮೇಲೆ ಅಡ್ಡಲಾಗಿ ಕೂರಿಸಿ. ನಾಲ್ಕು ಕಾಲುಗಳಲ್ಲಿ ಎರಡೆರಡು ಒಳಗೇ ಕೂಡಿಕೊಂಡಿರುವುದರಿಂದ, ಮೂಲೆಯಿಂದ ಎದುರು ಮೂಲೆಯ ಕಾಲುಗಳನ್ನು ಆರಿಸಿಕೊಂಡರೆ ತಪ್ಪಾಗುವುದಿಲ್ಲ. ಒಂದು ಕಾಲನ್ನು 2ರಿಂದ 9ರವರೆಗಿನ ಪಿನ್‌ಗಳಲ್ಲಿ ಒಂದಕ್ಕೂ, ಇನ್ನೊಂದನ್ನು ಗ್ರೌಂಡಿಗೂ ಸೇರಿಸಿ. ಬಜರಿನ ಒಂದು ತುದಿ 10ನೇ ಪಿನ್ನಿಗೆ, ಮತ್ತೊಂದು ಗ್ರೌಂಡಿಗೆ.

ಪ್ರೋಗ್ರಾಮಿನಲ್ಲಿ ಬಟನ್ ಪಿನ್‌ಗಳನ್ನು ‘ಇನ್‌ಪುಟ್ ಪುಲ್‌ಅಪ್’ ಎಂದು ಘೋಷಿಸಿದರೆ ಚಿಪ್ಪಿನೊಳಗಿನ ರೆಸಿಸ್ಟರ್‌ಗಳೇ ಒತ್ತದ ಬಟನ್ನಿನ ಪಿನ್ನನ್ನು ‘ಹೈ’ (5 ವೋಲ್ಟ್) ಆಗಿ ಹಿಡಿದಿಡುತ್ತವೆ. ಆಗ ಒತ್ತಿದ ಬಟನ್ ‘ಲೋ’ (0 ವೋಲ್ಟ್) ಎಂದು ಓದಿಸಿಕೊಳ್ಳುತ್ತದೆ. ಕಂಪನಾಂಕಗಳನ್ನು ಒಂದು ಅರೇಯಲ್ಲಿಟ್ಟು (ಸಂಖ್ಯೆಗಳ ಸಾಲುಪಟ್ಟಿ), ಒತ್ತಿದ ಬಟನ್ನಿನ ಸಂಖ್ಯೆಗೆ ಸರಿಯಾದುದನ್ನು ‘ಟೋನ್’ ಫಂಕ್ಷನ್ನಿಗೆ ಕೊಡಬೇಕು, ಕೈ ತೆಗೆದಾಗ ‘ನೋಟೋನ್’ ಕರೆಯಬೇಕು. ಲೂಪಿನ ಪ್ರತಿ ಸುತ್ತಿನಲ್ಲೂ ‘ಟೋನ್’ ಕರೆಯದೆ, ಬಟನ್ ಬದಲಾದಾಗ ಮಾತ್ರ ಕರೆದರೆ ನಾದ ಕರಕರ ಎನ್ನುವುದಿಲ್ಲ. ಈ ಫಂಕ್ಷನ್ ಒಮ್ಮೆಗೆ ಒಂದೇ ಸ್ವರ ಹೊರಡಿಸುವುದರಿಂದ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಪಾಶ್ಚಾತ್ಯ ಸಂಗೀತದ ಕಾರ್ಡ್‌ಗಳು ಸಾಧ್ಯವಿಲ್ಲ. ನಮ್ಮ ಸಂಗೀತಕ್ಕೆ ಅದೊಂದು ಕೊರತೆಯೇ ಅಲ್ಲ.

ಪಿಯಾನೊದ ಸಮಭಾಗಿತ ಶ್ರುತಿಯಲ್ಲಿ (ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವ ಪದ್ಧತಿ) ಸಿ ಸ್ವರದಿಂದ ಹೊರಟರೆ 262, 294, 330, 349, 392, 440, 494, 523 ಹರ್ಟ್ಸ್ ಬರುತ್ತವೆ. ಇದು ಸುಮಾರಾಗಿ ಶಂಕರಾಭರಣ ರಾಗದ ಸ್ವರಗಳ ಮೇಳ. ಆದರೆ ತಂಬೂರಿಯೊಡನೆ ಕೇಳಿದಾಗ ಇದರ ಗಾಂಧಾರ (330) ತುಸು ಏರಿದಂತೆ ಕಿವಿಗೆ ತಾಗುತ್ತದೆ, ಏಕೆಂದರೆ ಶುದ್ಧ ಅನುಪಾತದ ಅಂತರಗಾಂಧಾರವು ಷಡ್ಜದ 5/4ರಷ್ಟು, ಅಂದರೆ ಸುಮಾರು 328 ಹರ್ಟ್ಸ್. ಆದ್ದರಿಂದ ಷಡ್ಜವನ್ನು 262 ಎಂದಿಟ್ಟುಕೊಂಡು ಉಳಿದುವನ್ನು ಅನುಪಾತಗಳಿಂದಲೇ ಗುಣಿಸಿ ಬರೆಯುವುದು ಮೇಲು. ಆರಂಭದ ಪಾಠಗಳಾದ ಸರಳೆ ವರಸೆಗೆ ಬೇಕಾದ ಮಾಯಾಮಾಳವಗೌಳ ರಾಗಕ್ಕೆ 16/15, 5/4, 4/3, 3/2, 8/5, 15/8, 2 ಎಂಬ ಅನುಪಾತಗಳಿಂದ 262, 279, 328, 349, 393, 419, 491, 524 ದೊರೆಯುತ್ತವೆ. ಹಾಡುವವರ ಶ್ರುತಿ ಬೇರೆಯಾದರೆ ಷಡ್ಜದ ಸಂಖ್ಯೆಯೊಂದನ್ನು ಬದಲಿಸಿದರೆ ಸಾಕು.

ಬಟನ್‌ಗಳಿಂದ ಗಮಕ, ಅಂದರೆ ಸ್ವರವನ್ನು ಜಾರಿಸಿ ತೂಗಿಸುವ ಅಲಂಕಾರ, ಬಾರದು. ಅದನ್ನು ಬಯಸುವವರು 10 ಕಿಲೋಓಮ್ ಪೊಟೆನ್ಶಿಯೋಮೀಟರನ್ನು (ತಿರುಗಿಸುವ ಗುಂಡಿಯ ರೆಸಿಸ್ಟರ್) ಎ0 ಪಿನ್ನಿಗೆ ಜೋಡಿಸಿ, ಅದರ 0ರಿಂದ 1023ರವರೆಗಿನ ಮೌಲ್ಯಕ್ಕೆ ತಕ್ಕಂತೆ ಸ್ವರವನ್ನು ಶೇ. 6ರವರೆಗೆ, ಅಂದರೆ ಸುಮಾರು ಅರ್ಧ ಸ್ವರದಷ್ಟು ಏರಿಸುವಂತೆ ಬರೆದುಕೊಳ್ಳಬಹುದು. ಆಗ ಬಟನ್ ಬದಲಾದಾಗ ಮಾತ್ರವಲ್ಲದೆ ಲೆಕ್ಕಕ್ಕೆ ಬಂದ ಕಂಪನಾಂಕ ಬದಲಾದಾಗಲೂ ‘ಟೋನ್’ ಕರೆಯಬೇಕಾಗುತ್ತದೆ.