ಮಂಚದ ಕಿರ್ರ್ ಸದ್ದಿಗೆ ಎಣ್ಣೆ ಮದ್ದಲ್ಲ

ಮಂಚ ಕಿರ್ರ್ ಅಂದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಹೊರಡುತ್ತಾರೆ. ಮರದ ಮಂಚಕ್ಕೆ ಇದು ಬೇಡ. ಮರ ಎಣ್ಣೆಯನ್ನು ಕುಡಿದುಬಿಡುತ್ತದೆ. ಮೇಲೆ ಉಳಿದ ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ, ಇರುವೆ ಬಂದರೂ ಬಂತು. ಸ್ವಲ್ಪ ದಿನ ಸದ್ದು ಅಡಗಿದ ಹಾಗೆ ಅನ್ನಿಸಿ ಮತ್ತೆ ಶುರು. ಅಷ್ಟಕ್ಕೂ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಿಲ್ಲದೆ ಎಣ್ಣೆ ಬಿಡೋದು ಎಲ್ಲಿಗೆ? ಜಾಗ ಸಿಕ್ಕಿದರೆ ಮುಕ್ಕಾಲು ರಿಪೇರಿ ಆದ ಹಾಗೆ.

ಸದ್ದು ಹುಟ್ಟುವ ಬಗೆ ಸರಳ. ಸಡಿಲವಾದ ಕೀಲಿನಲ್ಲಿ ಎರಡು ಮರ ಉಜ್ಜಿಕೊಳ್ಳುವಾಗ ಒಂದು ಕ್ಷಣ ಕಚ್ಚಿಕೊಳ್ಳುತ್ತವೆ, ಭಾರ ಬಿದ್ದಾಗ ತಟ್ಟನೆ ಜಾರುತ್ತವೆ, ಮತ್ತೆ ಕಚ್ಚಿಕೊಳ್ಳುತ್ತವೆ. ಪಿಟೀಲಿನ ಕಮಾನು ತಂತಿಯಿಂದ ನಾದ ಎಬ್ಬಿಸುವುದೂ ಹೀಗೇ. ಆದ್ದರಿಂದ ಇರುವ ಉಪಾಯ ಮೂರೇ. ಅಲುಗದಂತೆ ಬಿಗಿ ಮಾಡಬೇಕು. ಅದಾಗದಿದ್ದರೆ ನಡುವೆ ಮೆತ್ತನೆಯದೇನಾದರೂ ಇಡಬೇಕು. ಅದಕ್ಕೂ ಜಾಗ ಇಲ್ಲದಿದ್ದರೆ ಸದ್ದಿಲ್ಲದೆ ಜಾರುವಂತೆ ಮಾಡಬೇಕು. ಇದೇ ಕ್ರಮದಲ್ಲಿ ಹೋದರೆ ಕೆಲಸ ಬೇಗ ಮುಗಿಯುತ್ತದೆ.

ಮೊದಲು ಕಳ್ಳನನ್ನು ಹಿಡಿಯಿರಿ

ಹಾಸಿಗೆಯನ್ನು ಮಂಚದಿಂದ ಇಳಿಸಿ ನೆಲದ ಮೇಲೆ ಹಾಕಿ, ಅದರ ಮೇಲೆ ಒಮ್ಮೆ ಹೊರಳಾಡಿ. ಸ್ಪ್ರಿಂಗ್ ಹಾಸಿಗೆಯಾದರೆ ಸದ್ದು ಅದರದ್ದೇ ಇರಬಹುದು. ಹಾಗಿದ್ದರೆ ಮಂಚ ಬಿಚ್ಚಿ ಪ್ರಯೋಜನವಿಲ್ಲ. ಹತ್ತಿ ಹಾಸಿಗೆ, ನಾರಿನ ಹಾಸಿಗೆಯವರು ಈ ಪರೀಕ್ಷೆ ಬಿಟ್ಟು ಮುಂದೆ ಹೋಗಬಹುದು.

ಈಗ ಮಂಚವನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕೆ ಎಳೆಯಿರಿ. ತಲೆ ಕಡೆಯ ಹಲಗೆ ಗೋಡೆಗೆ ತಾಗಿ ಉಜ್ಜುತ್ತಿದ್ದರೂ ಮಂಚವೇ ಕಿರುಗುಟ್ಟಿದಂತೆ ಕೇಳಿಸುತ್ತದೆ. ಎಳೆದ ಮೇಲೆ ಸದ್ದು ನಿಂತಿತೆಂದರೆ ಹಲಗೆಯ ಹಿಂದೆ ಎರಡು ಕಡೆ ರಬ್ಬರ್ ತುಂಡು ಅಂಟಿಸಿ, ಕೆಲಸ ಮುಗಿಯಿತು.

ನಿಲ್ಲಲಿಲ್ಲವಾ? ಹಾಗಾದರೆ ಇಬ್ಬರು ಬೇಕು. ಒಬ್ಬರು ಮಂಚದ ಒಂದೊಂದೇ ಮೂಲೆಯನ್ನು ಕೈಯಿಂದ ಒತ್ತಿ ಬಿಡಬೇಕು, ನಡುವೆ ಮೊಣಕಾಲೂರಿ ಅಲುಗಾಡಬೇಕು. ಇನ್ನೊಬ್ಬರು ಮೊಬೈಲ್ ಟಾರ್ಚ್ ಹಿಡಿದು ಕೆಳಗೆ ಕೂರಬೇಕು. ಮಕ್ಕಳಿಗೆ ಈ ಕೆಲಸ ಕೊಟ್ಟು ನೋಡಿ, ಖುಷಿಯಿಂದ ನುಗ್ಗುತ್ತಾರೆ. ಮಂಚದ ಅಡಿ ಕಿವಿಗೆ ಎಲ್ಲ ಕಡೆಯಿಂದಲೂ ಒಂದೇ ಥರ ಕೇಳಿಸುತ್ತದೆ, ಅದಕ್ಕೇ ಕಿವಿಗಿಂತ ಕೈ ಮೇಲು. ಪ್ರತಿ ಕೀಲಿನ ಮೇಲೂ ಬೆರಳಿಟ್ಟು ನೋಡಿ. ಸದ್ದು ಹುಟ್ಟುವ ಕಡೆ ಬೆರಳಿಗೆ ಸಣ್ಣ ನಡುಕ ಸಿಗುತ್ತದೆ. ಗ್ಯಾರೇಜಿನವರು ಎಂಜಿನ್ ಸದ್ದು ಹಿಡಿಯಲು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೂ ಹಿಡಿಯನ್ನು ಕಿವಿಗೂ ಒತ್ತುವುದನ್ನು ನೋಡಿರಬಹುದು. ಆ ಉಪಾಯ ಮಂಚಕ್ಕೂ ನಡೆಯುತ್ತದೆ. ಸಿಕ್ಕ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಸದ್ದಿನ ಬಗೆಯೂ ಸುಳಿವು ಕೊಡುತ್ತದೆ. ಎಳೆದ ಹಾಗೆ ಕಿರ್ರ್ ಅಂದರೆ ಸಾಮಾನ್ಯವಾಗಿ ಮರಕ್ಕೆ ಮರ ಉಜ್ಜುತ್ತಿದೆ. ಟಕ್ ಅಂದರೆ ಬೋಲ್ಟ್ ಸಡಿಲ, ಇಲ್ಲವೇ ಒಂದು ಕಾಲು ನೆಲಕ್ಕೆ ಊರಿಲ್ಲ.

ಬಿಗಿ ಮಾಡುವುದರಲ್ಲೂ ಕ್ರಮವಿದೆ

ಕಾಲು ಊರಿಲ್ಲದ್ದು ತಿಳಿಯಲು ಕರ್ಣದ ಎದುರುಬದುರು ಮೂಲೆಗಳನ್ನು ಒಂದಾದ ಮೇಲೊಂದು ಒತ್ತಿ. ತೂಗಾಡಿದರೆ ಕಾಲಿನಡಿ ಸಂದು ಇದೆ ಅಂತ ಅರ್ಥ. ಹಳೇ ಕಡಪ ಕಲ್ಲಿನ ನೆಲದಲ್ಲಿ ಇದು ಮಾಮೂಲು, ಹೊಸ ಟೈಲ್ಸ್‌ನಲ್ಲೂ ಇಲ್ಲದಿಲ್ಲ. ರಟ್ಟು ಮಡಚಿ ತುರುಕಬೇಡಿ, ಭಾರಕ್ಕೆ ಅಪ್ಪಚ್ಚಿಯಾಗಿ ಮತ್ತೆ ಸಂದು ಬೀಳುತ್ತದೆ. ಗಟ್ಟಿ ರಬ್ಬರ್ ಅಥವಾ ತೆಳು ಪ್ಲೈವುಡ್ ತುಂಡು ಇಡಿ.

ಬೋಲ್ಟ್‌ಗಳ ವಿಷಯಕ್ಕೆ ಬಂದರೆ, ಬಿಚ್ಚಿ ಜೋಡಿಸುವ ಈಗಿನ ಮಂಚಗಳಲ್ಲಿ ಹೆಚ್ಚಾಗಿ L ಆಕಾರದ ಕಡ್ಡಿಯಿಂದ, ಅಂದರೆ ಎಲ್ ಕೀಯಿಂದ ತಿರುಗಿಸುವ ಬೋಲ್ಟ್ ಇರುತ್ತವೆ. 4, 5 ಮತ್ತು 6 ಮಿಲಿಮೀಟರ್ ಕೀ ಇದ್ದರೆ ಬಹುಪಾಲು ಮಂಚಗಳಿಗೆ ಸಾಕು. ಆರು ಮೂಲೆಯ ತಲೆ ಇರುವ ಬೋಲ್ಟ್‌ಗೆ 10 ಅಥವಾ 13ರ ಸ್ಪ್ಯಾನರ್ ಬೇಕು. ಎಲ್ಲವೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ.

ಸುಮ್ನೆ ಒಂದು ಬೋಲ್ಟನ್ನು ಹಿಡಿದು ಗಟ್ಟಿಯಾಗಿ ತಿರುಗಿಸಿದರೆ ಇಡೀ ಚೌಕಟ್ಟು ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಎಲ್ಲವನ್ನೂ ಸ್ವಲ್ಪ ಸಡಿಲ ಮಾಡಿ. ಮಂಚದ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳೆಯಿರಿ. ಎರಡೂ ಕರ್ಣದ ಅಳತೆ ಒಂದೇ ಬಂದರೆ ಚೌಕಟ್ಟು ನೇರವಾಗಿದೆ. ಆಮೇಲೆ ಒಂದು ಸುತ್ತು ಎಲ್ಲ ಬೋಲ್ಟನ್ನೂ ಅರ್ಧ ಬಿಗಿ ಮಾಡಿ, ಎರಡನೇ ಸುತ್ತಿನಲ್ಲಿ ಪೂರ್ತಿ ಬಿಗಿ ಮಾಡಿ. ವಾಷರ್ ಇಲ್ಲದ ಕಡೆ ವಾಷರ್ ಹಾಕಿ. ಪದೇ ಪದೇ ಸಡಿಲವಾಗುವ ನಟ್ ಇದ್ದರೆ ಸ್ಪ್ರಿಂಗ್ ವಾಷರ್ ಹಾಕಬಹುದು, ಒಳಗೆ ನೈಲಾನ್ ಬಳೆ ಇರುವ ನಟ್ ಇನ್ನೂ ಒಳ್ಳೆಯದು. ಪಾರ್ಟಿಕಲ್ ಬೋರ್ಡ್ ಮಂಚಕ್ಕೆ ಮಾತ್ರ ಜಾಸ್ತಿ ಬಲ ಹಾಕಬೇಡಿ. ಅದು ಒತ್ತಿದ ಮರದ ಪುಡಿ ಅಷ್ಟೇ. ಬೋಲ್ಟಿನ ಸುತ್ತ ಒಳಗೇ ಹಿಟ್ಟಾಗುತ್ತದೆ.

ಎಷ್ಟು ತಿರುಗಿಸಿದರೂ ಸ್ಕ್ರೂ ಕಚ್ಚದೆ ಸುತ್ತುತ್ತಲೇ ಇದೆ ಅಂದರೆ ತೂತು ಅಗಲವಾಗಿದೆ. ಇದಕ್ಕೆ ದೇವರ ಮನೆಯಲ್ಲೇ ಸಾಮಾನು ಇದೆ. ಉರಿದು ಉಳಿದ ಊದಿನಕಡ್ಡಿಯ ಬಿದಿರು ಕಡ್ಡಿಗಳನ್ನು ಒರೆಸಿ ಶುಚಿ ಮಾಡಿ, ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ತುಂಬಿ. ಹೊರಗೆ ಚಾಚಿದ್ದನ್ನು ಬ್ಲೇಡಿನಿಂದ ಸಮ ಮಾಡಿ. ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಅದೇ ಸ್ಕ್ರೂ ಹಾಕಿದರೆ ಕಚ್ಚಿಕೊಳ್ಳುತ್ತದೆ. ಅವಸರದಲ್ಲಿ ಹಸಿ ಗೋಂದಿಗೇ ಸ್ಕ್ರೂ ಹಾಕಿದರೆ ಕಡ್ಡಿಗಳೆಲ್ಲ ಹೊರಗೆ ಬರುತ್ತವೆ.

ಅಜ್ಜಿ ಕಾಲದ ತೇಗದ ಮಂಚಗಳ ಕಥೆ ಬೇರೆ. ಕಾಲಿನಲ್ಲಿ ಕೊರೆದ ತೂತಿಗೆ ಪಕ್ಕದ ಪಟ್ಟಿಯ ತುದಿಯನ್ನು ಕೂಡಿಸಿರುತ್ತಾರೆ, ಅಲ್ಲಿ ಬೋಲ್ಟೇ ಇರುವುದಿಲ್ಲ. ಸಡಿಲವಾದ ಕಡೆ ತೆಳುವಾದ ಮರದ ಬೆಣೆಗೆ ಗೋಂದು ಹಚ್ಚಿ ಮೆಲ್ಲಗೆ ಬಡಿಯಬೇಕು. ಸುತ್ತಿಗೆಯ ಏಟು ನೇರವಾಗಿ ಬೀಳದಂತೆ ನಡುವೆ ಒಂದು ಮರದ ತುಂಡು ಹಿಡಿಯಿರಿ. ಮೊಳೆ ಹೊಡೆಯುವುದಂತೂ ಬೇಡವೇ ಬೇಡ. ಹಳೇ ಒಣ ಮರ ಸೀಳುತ್ತದೆ, ಸೀಳದಿದ್ದರೂ ಮೊಳೆ ಮುಂದೆ ಅಲುಗಾಡಿ ಹೊಸ ಸದ್ದು ಶುರು ಮಾಡುತ್ತದೆ. ಹಾಗೇ ಮಂಚದ ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಉದುರಿದೆಯಾ ನೋಡಿ. ಉದುರಿದ್ದರೆ ಮರಕ್ಕೆ ಹುಳ ಹಿಡಿದಿದೆ, ಸದ್ದಿನ ಯೋಚನೆ ಬಿಟ್ಟು ಮೊದಲು ಅದಕ್ಕೆ ಮದ್ದು ಮಾಡಿಸಿ.

ನಡುವೆ ಏನಿಡಬೇಕು?

ಬೋಲ್ಟ್ ಎಲ್ಲ ಬಿಗಿಯಾದ ಮೇಲೂ ಸದ್ದು ಉಳಿದರೆ ಅನುಮಾನ ಅಡ್ಡಪಟ್ಟಿಗಳ ಮೇಲೆ. ಹಾಸಿಗೆಯ ಭಾರಕ್ಕೆ ಪಟ್ಟಿ ಬಾಗುತ್ತದೆ, ಅದರ ತುದಿ ಕೂತ ಜಾಗದಲ್ಲಿ ಉಜ್ಜುತ್ತದೆ. ಇದಕ್ಕೆ ಹಳೇ ಸೈಕಲ್ ಟ್ಯೂಬಿಗಿಂತ ಒಳ್ಳೆಯ ಸಾಮಾನಿಲ್ಲ. ಪಂಕ್ಚರ್ ಅಂಗಡಿಯವರನ್ನು ಕೇಳಿದರೆ ಒಂದು ತುಂಡು ಕೊಡುತ್ತಾರೆ. ಉದ್ದಕ್ಕೆ ಸೀಳಿ ತೊಳೆದು ಒರೆಸಿ. ಪಟ್ಟಿಯ ಅಗಲಕ್ಕೆ ಕತ್ತರಿಸಿ, ಪ್ರತಿ ತುದಿಯ ಕೆಳಗೂ ಒಂದೊಂದು ಇಡಿ. ಜರುಗದಂತೆ ಒಂದು ಬೊಟ್ಟು ರಬ್ಬರ್ ಗೋಂದು ಹಚ್ಚಿದರೆ ಸಾಕು. ಟ್ಯೂಬ್ ಸಿಗದಿದ್ದರೆ ಹಳೇ ಪಂಚೆಯ ಪಟ್ಟಿ ಮಡಚಿ ಹಾಕಿ, ಬಾಳಿಕೆ ಸ್ವಲ್ಪ ಕಡಿಮೆ.

ಸಾಮಾನು ತುಂಬುವ ಬಾಕ್ಸ್ ಮಂಚಗಳಲ್ಲಿ ಸದ್ದು ಮಾಡುವುದು ಹೆಚ್ಚಾಗಿ ಮೇಲಿನ ಪ್ಲೈವುಡ್ ಮುಚ್ಚಳ. ಅದು ಅಂಚಿನ ಪಟ್ಟಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಮುಚ್ಚಳ ತೆಗೆದು ಅಂಚಿನುದ್ದಕ್ಕೂ ಫೆಲ್ಟ್ (ಉಣ್ಣೆಯಂಥ ದಪ್ಪ ಬಟ್ಟೆ) ಪಟ್ಟಿ ಅಂಟಿಸಿ. ಎರಡು ಮುಚ್ಚಳ ಒಂದಕ್ಕೊಂದು ತಾಗುವ ಕಡೆ ಫೆಲ್ಟ್ ಹಿಡಿಸುವುದಿಲ್ಲ. ಅಲ್ಲಿ ಮೇಣದ ಬತ್ತಿ ತೆಗೆದುಕೊಂಡು ಅಂಚಿಗೆ ಚೆನ್ನಾಗಿ ಉಜ್ಜಿ. ಮೇಣ ಮರದ ಮೇಲೆ ಪದರವಾಗಿ ನಿಲ್ಲುತ್ತದೆ, ಎಣ್ಣೆಯ ಹಾಗೆ ಒಳಗೆ ಇಳಿದುಹೋಗುವುದಿಲ್ಲ. ಬಿಚ್ಚಲಾಗದ ಸಣ್ಣ ಸಂದಿಗೆ ಮುಖಕ್ಕೆ ಹಚ್ಚುವ ಪೌಡರ್ ಊದಿ. ಇದು ತಾತ್ಕಾಲಿಕ, ನೆಂಟರು ಬಂದ ರಾತ್ರಿಗೆ ಅಡ್ಡಿಯಿಲ್ಲ.

ಪಿಸ್ಟನ್ ಬಲದಿಂದ ಮುಚ್ಚಳ ಮೇಲೇಳುವ ಹೈಡ್ರಾಲಿಕ್ ಮಂಚದವರಿಗೆ ಒಂದು ಎಚ್ಚರಿಕೆ. ಮುಚ್ಚಳ ಮೇಲೆತ್ತಿದ ಸ್ಥಿತಿಯಲ್ಲಿ ಪಿಸ್ಟನ್ನಿನ ಸ್ಕ್ರೂ ಬಿಚ್ಚಬೇಡಿ, ಅಷ್ಟೂ ಭಾರ ಮೇಲೆ ಬೀಳುತ್ತದೆ. ಸದ್ದು ಕೀಲಿನದ್ದಾದರೆ ಅಲ್ಲಿಗೆ ಮಾತ್ರ ಹೊಲಿಗೆ ಮಷಿನ್ ಎಣ್ಣೆಯ ಒಂದು ಹನಿ ಬಿಡಿ. ಹೊಳೆಯುವ ಪಿಸ್ಟನ್ ಕಡ್ಡಿಗೆ ಏನನ್ನೂ ಹಚ್ಚಬಾರದು.

ಕಬ್ಬಿಣದ ಮಂಚವಾದರೆ

ಎಣ್ಣೆ, ಗ್ರೀಸಿಗೆ ನ್ಯಾಯವಾದ ಜಾಗ ಇದು. ಕೂಡುವ ಕಡೆ ಬಿಚ್ಚಿ, ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ ತೆಗೆಯಿರಿ, ತೆಳುವಾಗಿ ಗ್ರೀಸ್ ಸವರಿ ಮತ್ತೆ ಜೋಡಿಸಿ. ಸ್ಪ್ರೇ ಎಣ್ಣೆ ತುಕ್ಕು ಬಿಡಿಸಲು ಒಳ್ಳೆಯದು, ಆದರೆ ಬೇಗ ಆರುತ್ತದೆ. ಕಾಲಿನ ಪ್ಲಾಸ್ಟಿಕ್ ಬುಷ್ ಸವೆದಿದ್ದರೆ ಬದಲಾಯಿಸಿ. ವೆಲ್ಡಿಂಗ್ ಇರುವ ಕಡೆ ಕೂದಲೆಳೆಯಂಥ ಬಿರುಕು, ಅದರಗುಂಟ ಕೆಂಪು ತುಕ್ಕಿನ ಗೆರೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ವೆಲ್ಡಿಂಗ್ ಅಂಗಡಿಯ ಕೆಲಸ. ಮಾಡಿಸುವ ತನಕ ಆ ಮಂಚದ ಮೇಲೆ ಮಲಗದಿರುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಮರದ ಮಂಚ ವರ್ಷದಲ್ಲಿ ಒಮ್ಮೆಯಾದರೂ ಮತ್ತೆ ಬಾಯಿ ಬಿಡಬಹುದು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಕರಾವಳಿ, ಮಲೆನಾಡಿನಿಂದ ತಂದ ಮಂಚವನ್ನು ಬಳ್ಳಾರಿ, ಕಲಬುರಗಿಯ ಬಿಸಿಲಿಗೆ ಒಯ್ದರೆ ಬೋಲ್ಟ್ ಸಡಿಲವಾಗುವುದು ಸಹಜ. ಹೇಗೂ ಯುಗಾದಿಗೆ ಮೊದಲು ಮನೆಯ ಧೂಳು ಹೊಡೆಯುತ್ತೀರಿ ಅಲ್ವಾ, ಮಂಚ ಸರಿಸಿದಾಗಲೇ ಬೋಲ್ಟ್‌ಗಳಿಗೆ ಒಂದು ಸುತ್ತು ಹಾಕಿಬಿಡಿ. ಬೇಕಾದ ಹೊತ್ತಿಗೆ ಎಲ್ ಕೀ ಮಾತ್ರ ಯಾವ ಮನೆಯಲ್ಲೂ ಕೈಗೆ ಸಿಗುವುದಿಲ್ಲ. ಅದನ್ನು ತಲೆ ಕಡೆಯ ಹಲಗೆಯ ಹಿಂದೆ ಟೇಪ್ ಹಾಕಿ ಅಂಟಿಸಿಡಿ.